ಕಹಿ ಮರಕ್ಕೆ ಕೆಂಪು ಪಟ್ಟಿ

ಅಕ್ಕನಿಗೆ ವಾಸನೆ, ರುಚಿ ಎರಡೂ ಹೋಗಿವೆ ಎಂದು ನನಗೆ ಗೊತ್ತಾದದ್ದು ಒಂದು ಮಸಿಬಟ್ಟೆಯಿಂದ. ಅವತ್ತು ಸಂಜೆ ಕೆಲಸ ಮುಗಿಸಿ ಬಂದವಳಿಗೆ ಮೆಟ್ಟಿಲು ಹತ್ತುವಾಗಲೇ ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಎರಡನೇ ಮಹಡಿಯಲ್ಲಿ ಅವಳ ಮನೆ, ನನ್ನ ಮನೆ ಎದುರುಬದುರು. ಅವಳ ಬಾಗಿಲು ತಳ್ಳಿ ನೋಡಿದರೆ ಒಲೆಯ ಪಕ್ಕದಲ್ಲಿ ಮಸಿಬಟ್ಟೆ ಹೊಗೆಯಾಡುತ್ತಿದೆ. ಇವಳು ಅದಕ್ಕೆ ಬೆನ್ನು ಹಾಕಿ ಕೂತು, ಕನ್ನಡಕ ಏರಿಸಿಕೊಂಡು, ಕ್ಯಾಂಟೀನಿಗೆ ಬೇಕಾದ ತರಕಾರಿಯ ಪಟ್ಟಿ ಬರೆಯುತ್ತಿದ್ದಾಳೆ. ನಾನು ಬಟ್ಟೆಯನ್ನು ಇಕ್ಕಳದಲ್ಲಿ ಎತ್ತಿ ನಲ್ಲಿಯ ಕೆಳಗೆ ಹಿಡಿದೆ.

"ಏನಕ್ಕ, ಮನೆ ಸುಡೋಕೆ ಹೊರಟಿದ್ದೀಯಾ? ಮೂಗು ಎಲ್ಲಿ ಬಿಟ್ಟು ಬಂದೆ?"

"ಶೀತ ಕಣೇ," ಎಂದಳು. ಎನ್ನುವ ಮೊದಲು ಒಂದು ಕ್ಷಣ ನನ್ನ ಮುಖವನ್ನೇ ನೋಡಿದಳು.

ಶೀತವೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರೆ, ನಿಜ. ಆದರೆ ಅದೇ ಮೂಗಿಗೆ ಸುಳ್ಳಿನ ವಾಸನೆಯೂ ಬೇಗ ಹತ್ತುತ್ತದೆ. ಮಾರನೆಯ ದಿನ ನಾನೇ ಅವಳಿಗೆ ಕಾಫಿ ಮಾಡಿಕೊಟ್ಟೆ. ಅವಳಿಗೆ ಎರಡು ಚಮಚ ಸಕ್ಕರೆ ಬೇಕು, ನಾನು ಯಾವಾಗಲೂ ಮೂರು ಸುರಿಯುತ್ತೇನೆ ಎಂಬುದು ಅವಳ ಹಳೆಯ ತಕರಾರು. ಅವತ್ತು ಒಂದು ಕಾಳೂ ಹಾಕಲಿಲ್ಲ. ಅಕ್ಕ ಎರಡು ಗುಟುಕು ಕುಡಿದಳು, ಲೋಟವನ್ನು ಕೆಳಗಿಟ್ಟಳು.

"ಮತ್ತೆ ಮೂರು ಚಮಚ ಹಾಕಿದ್ದೀಯಲ್ಲೇ ಮೆಣಸೂ. ಇದೇನು ಕಾಫಿನೋ, ಸಕ್ಕರೆ ಪಾಕನೋ?"

ಮೆಣಸು ಎಂದರೆ ನಾನು. ಹುಟ್ಟಿದಾಗ ಕಾಳಿನಷ್ಟೇ ಇದ್ದೆನಂತೆ, ಬೆಳೆಯುತ್ತಾ ಗುಣವೂ ಹೆಸರಿಗೆ ತಕ್ಕಂತೆ ಬಂತಂತೆ. ಐವತ್ತೆರಡು ತುಂಬಿದರೂ ಮನೆಯಲ್ಲಿ ನನಗೆ ಬೇರೆ ಹೆಸರಿಲ್ಲ. ಆ ಕಾಫಿಯ ಲೋಟ ನೋಡಿದಾಗ ನನಗೆ ಅಯ್ಯೋ ಪಾಪ ಅನ್ನಿಸಬೇಕಿತ್ತು. ಅನ್ನಿಸಿದ್ದು ಖುಷಿ. ಈಗ ಸುಳ್ಳು ಹೇಳಿ ಏನು ಪ್ರಯೋಜನ? ಹನ್ನೆರಡು ವರ್ಷದಿಂದ ಹೊಟ್ಟೆಯೊಳಗೆ ಕುದಿಯುತ್ತಿದ್ದದ್ದು ಅವತ್ತು ತಣ್ಣಗಾಯಿತು.

ಏಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ಹಣ್ಣಿನ ವಿಷಯ ಹೇಳಬೇಕು. ಮಳೆ ನಿಂತು, ಚಳಿ ಇನ್ನೂ ಹಿಡಿಯದ ನಾಲ್ಕೈದು ವಾರ ಇರುತ್ತದಲ್ಲ, ಎಲೆಗಳೆಲ್ಲ ಹಳದಿ ತಿರುಗುವ ಕಾಲ, ಆಗ ಊರಾಚೆ ಮುಚ್ಚಿಹೋದ ಕಲ್ಲುಗಣಿಯ ಅಂಚಿನಲ್ಲಿ ಮುಳ್ಳುಮರಗಳ ತುಂಬ ಕಪ್ಪು ಬಣ್ಣದ ಗುಂಡು ಹಣ್ಣು ಬಿಡುತ್ತದೆ. ಪುಸ್ತಕದಲ್ಲಿ ಅದಕ್ಕೆ ಏನು ಹೆಸರಿದೆಯೋ, ನಾವು ಹುಳಿಗುಂಡು ಎನ್ನುತ್ತಿದ್ದೆವು. ಒಳಗೊಂದು ಗಟ್ಟಿ ಬೀಜ, ಸುತ್ತ ಬೆರಳ ತುದಿಯಷ್ಟು ತಿರುಳು. ಹಾಗೇ ತಿಂದರೆ ಹಲ್ಲು ಚುಳ್ಳೆನ್ನುತ್ತದೆ. ಸಕ್ಕರೆ ಹಾಕಿ ಜಾಮು ಮಾಡಿದರೆ ಮಾತ್ರ, ಅಬ್ಬಾ, ಬೆರಳನ್ನೂ ಬಿಡದೆ ಚೀಪಬೇಕು.

ಆದರೆ ಆ ಹಣ್ಣಿಗೊಂದು ಕೆಟ್ಟ ಬುದ್ಧಿ ಇದೆ. ಪಕ್ಕಪಕ್ಕದ ಎರಡು ಮರದಲ್ಲಿ ಒಂದರದ್ದು ಬರೀ ಹುಳಿ, ಇನ್ನೊಂದರದ್ದು ಕಹಿ. ನೋಡಿದರೆ ಗೊತ್ತಾಗುವುದಿಲ್ಲ, ಮೂಸಿದರೂ ಗೊತ್ತಾಗುವುದಿಲ್ಲ. ಬಾಯಲ್ಲಿಟ್ಟರೆ ಮೊದಲು ಹುಳಿಯೇ. ಇಪ್ಪತ್ತು ಎಣಿಸುವಷ್ಟರಲ್ಲಿ ನಾಲಿಗೆಯ ಬುಡದಿಂದ ಕಹಿ ಏಳುತ್ತದೆ. ಕುದಿಸಿದರೆ ಆ ಕಹಿ ಹತ್ತು ಪಟ್ಟಾಗುತ್ತದೆ. ಹೋದ ವರ್ಷ ಒಳ್ಳೆಯದಿದ್ದ ಮರ ಈ ವರ್ಷವೂ ಒಳ್ಳೆಯದಿರುತ್ತದೆಂಬ ಭರವಸೆ ಇಲ್ಲ. ಕಹಿ ಮರದ ಹಣ್ಣು ಒಂದು ಬುಟ್ಟಿ ಸೇರಿದರೂ ಇಡೀ ಪಾತ್ರೆ ಚರಂಡಿಗೆ. ಹಾಗಾಗಿ ಪ್ರತಿ ವರ್ಷ ಪ್ರತಿ ಮರದ ಹಣ್ಣನ್ನೂ ತಿಂದು ನೋಡಿ, ಒಳ್ಳೆಯ ಮರದ ಕೊಂಬೆಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟುವುದು, ಉಳಿದವರು ಪಟ್ಟಿ ಇರುವ ಮರದಿಂದ ಮಾತ್ರ ಕೊಯ್ಯುವುದು ಎಂಬ ಪದ್ಧತಿ. ಹಾಗೆ ತಿಂದು ನೋಡಿ ಹೇಳುವವಳನ್ನು ನಮ್ಮಲ್ಲಿ 'ನಾಲಿಗೆ' ಎಂದೇ ಕರೆಯುತ್ತಿದ್ದರು.

ನಾಲಿಗೆ ಮೊದಲು ಅಮ್ಮ. ಅವಳದ್ದೊಂದು ನಿಯಮವಿತ್ತು, ನಾಲಿಗೆ ಒಂಟಿಯಾಗಿ ತಿನ್ನಬಾರದು ಎಂದು. ಉಗುರಿನಿಂದ ಹಣ್ಣು ಸೀಳಿ ಅರ್ಧ ತಾನು ತಿಂದು, ಇನ್ನರ್ಧ ಮನೆಯ ಕೊನೆಯ ಮಗುವಿಗೆ ಕೊಡುತ್ತಿದ್ದಳು. ಕೊನೆಯ ಮಗು ನಾನು. ನಾಲ್ಕು ವರ್ಷದವಳಿದ್ದಾಗಿನಿಂದ ಆ ಅರ್ಧ ಹಣ್ಣು ತಿಂದಿದ್ದೇನೆ. ಚಿಕ್ಕವಳಿದ್ದಾಗ ಅದು ಮುದ್ದು ಅನ್ನಿಸುತ್ತಿತ್ತು. ಮೂವತ್ತರ ಮೇಲೆ ಅದು ಪಕ್ಕಕ್ಕೆ ಎಸೆದ ಚೂರು ಅನ್ನಿಸತೊಡಗಿತು. ಏಕೆಂದರೆ ಅಷ್ಟು ಹೊತ್ತಿಗೆ ನನಗೆ ಖಾತ್ರಿಯಾಗಿತ್ತು: ಕಹಿ ಯಾವುದು, ಹುಳಿ ಯಾವುದು ಎಂದು ನನ್ನಷ್ಟು ಚೆನ್ನಾಗಿ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಪ್ಪತ್ತು ಎಣಿಸುವುದು ಏಕೆ? ನನಗೆ ಐದಕ್ಕೇ ಗೊತ್ತಾಗುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮಾರನೆಯ ದಿನ ಅವಳು ಎಲ್ಲರನ್ನೂ ಕೂರಿಸಿಕೊಂಡು ಪಟ್ಟಿಗಳ ಚೀಲವನ್ನು ಅಕ್ಕನ ಮಡಿಲಿಗೆ ಹಾಕಿದಳು. "ಇನ್ನು ಮೇಲೆ ನಾಲಿಗೆ ಇವಳು." ಆಮೇಲೆ ನನ್ನ ಕಡೆ ತಿರುಗಿ, "ನೀನು ಅಕ್ಕನ ಜೊತೆ ಹೋಗೋದು ತಪ್ಪಿಸಬೇಡ," ಎಂದಳು. ಬುಟ್ಟಿ ಹೊರಲು ಯಾರಾದರೂ ಬೇಕಲ್ಲ!

ಇದೇನು ಮಹಾ ಎಂದು ನೀವು ಕೇಳಬಹುದು. ನಿಮಗೆ ಮಹಾ ಅಲ್ಲ. ಅಕ್ಕ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುನ್ನೂರು ಜನಕ್ಕೆ ಅಡುಗೆ ಮಾಡಿಸುವ ಹಿರಿಯ ಅಡುಗೆಯವಳು. ಅವಳಿಗೆ ಗಂಡ ಇದ್ದ, ಮಗಳಿದ್ದಾಳೆ, ಕರೆದರೆ ಎದ್ದು ನಿಲ್ಲುವ ಎಂಟು ಜನ ಕೈಕೆಳಗಿದ್ದಾರೆ. ನಾನು ಗಂಡನ ಮನೆಯಿಂದ ಆರೇ ತಿಂಗಳಿಗೆ ವಾಪಸು ಬಂದವಳು, ಒಂದು ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಊರವರ ಪ್ಯಾಂಟಿನ ಉದ್ದ ಮಡಚಿ ಹೊಲಿಯುವವಳು. ಆ ಕೆಂಪು ಪಟ್ಟಿಗಳನ್ನು ಕೂಡ ಅಂಗಡಿಯ ಚೂರುಬಟ್ಟೆಯಿಂದ ಹರಿದು, ಅಂಚು ಹೊಲಿದು ಕೊಡುತ್ತಿದ್ದವಳು ನಾನೇ. ಜೀವನದಲ್ಲಿ ಇನ್ನೊಬ್ಬರಿಗಿಂತ ಚೆನ್ನಾಗಿ ನನಗೆ ಬರುತ್ತಿದ್ದದ್ದು ಇದೊಂದೇ, ಅದನ್ನೂ ಅಕ್ಕನ ಮಡಿಲಿಗೆ ಹಾಕಿದರು. ಉಳ್ಳವರಿಗೇ ಇನ್ನಷ್ಟು ಬಡಿಸುವುದು ಲೋಕದ ಪದ್ಧತಿ.

ಹೀಗಿರುವಾಗ ಆ ಕಾಫಿ. ನೆನಪು ಮಾಡಿಕೊಂಡೆ: ನಾಲ್ಕು ವರ್ಷದ ಹಿಂದೆ ಅಕ್ಕ ಹತ್ತು ದಿನ ಜ್ವರದಲ್ಲಿ ಮಲಗಿದ್ದಳು. ಅಲ್ಲಿಂದಾಚೆ ಅವಳು ಎಲ್ಲವನ್ನೂ ತೂಕ ಹಾಕಿ, ಅಳತೆ ಮಾಡಿ ಅಡುಗೆ ಮಾಡುತ್ತಾಳೆ. ಕ್ಯಾಂಟೀನಿನಲ್ಲಿ ಹೊಸ ಹುಡುಗಿಯರಿಗೆ "ರುಚಿ ನೋಡು, ಕಲಿ" ಎಂದು ಸೌಟು ಚಾಚುತ್ತಾಳೆ. ಎಲ್ಲರೂ ಅದನ್ನು ದೊಡ್ಡ ಗುಣ ಎಂದುಕೊಂಡಿದ್ದರು.

ಅವಳೇ ಹೇಳಲಿ ಎಂದು ಕಾದೆ. ದೇವರಾಣೆ ಕಾದೆ. ಒಂದು ಮಾತು, "ನನಗೆ ಆಗ್ತಾ ಇಲ್ಲ ಕಣೇ, ಇನ್ನು ನೀನೇ ನಾಲಿಗೆ" ಅಂದಿದ್ದರೆ ಅವಳ ಗುಟ್ಟನ್ನು ನನ್ನ ಜೊತೆ ಮಣ್ಣಿಗೆ ಒಯ್ಯುತ್ತಿದ್ದೆ. ಹಣ್ಣಿಗೆ ಹೊರಡುವ ಹಿಂದಿನ ದಿನ ಪಟ್ಟಿಗಳನ್ನು ಕೊಡಲು ಹೋದಾಗ ಬಾಯಿಬಿಟ್ಟೇ ಕೇಳಿದೆ.

"ಅಕ್ಕ, ಈ ವರ್ಷ ನಾನು ನೋಡಿ ಕಟ್ಟಲಾ? ನಿನಗೂ ಮಂಡಿನೋವು."

ಅವಳು ಪಟ್ಟಿಗಳನ್ನು ಎಳೆದು ಗಟ್ಟಿ ಇದೆಯಾ ಎಂದು ನೋಡುತ್ತಿದ್ದಳು. "ಹೊಲಿಯೋ ಕೈ ನಿಂದು, ನಾಲಿಗೆ ನಂದು. ಅಮ್ಮ ಹಂಚಿ ಹೋಗಿದ್ದಾಳೆ. ಅವರವರ ಕೆಲಸ ಅವರವರು ಮಾಡಿದ್ರೆ ಮನೆಗೆ ಒಳ್ಳೇದು."

"ಎಲ್ಲಾ ಮರ ನಿನಗೆ ಗೊತ್ತಾಗುತ್ತಾ?"

"ಗೊತ್ತಾಗದೆ ಏನು? ನೀನು ಜೊತೆಗಿರ್ತೀಯಲ್ಲ," ಎಂದು ನಕ್ಕಳು.

ಆ ನಗು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ನಾನು ಜೊತೆಗಿರುತ್ತೇನೆ, ಬುಟ್ಟಿ ಹೊರುತ್ತೇನೆ, ಅರ್ಧ ಹಣ್ಣು ತಿನ್ನುತ್ತೇನೆ, ಹೆಸರು ಇವಳಿಗೆ. ನೋಡುತ್ತಿರು ಅಕ್ಕಾ, ಎಂದುಕೊಂಡೆ.

ಮಾರನೆಯ ದಿನ ಅಕ್ಕ, ಅವಳ ಮಗಳು, ನಾನು ಮೂವರೂ ಬಸ್ಸು ಹಿಡಿದು ಕೊನೆಯ ನಿಲ್ದಾಣದಲ್ಲಿ ಇಳಿದೆವು. ಅಕ್ಕನ ಮಗಳು ಹಲ್ಲಿನ ಡಾಕ್ಟರ ಹತ್ತಿರ ಸಹಾಯಕಿ. ಹಣ್ಣು ತಿನ್ನುವುದರಲ್ಲಿ ಆಸಕ್ತಿ ಇಲ್ಲ, ಕೊಯ್ಯುವುದರಲ್ಲಿ ಗಟ್ಟಿಗಿತ್ತಿ. ಮೊದಲ ನಾಲ್ಕು ಮರ ಎಂದಿನಂತೆಯೇ ನಡೆಯಿತು. ಅಕ್ಕ ಹಣ್ಣು ಸೀಳಿ ಅರ್ಧ ಬಾಯಿಗೆ ಹಾಕಿಕೊಂಡು ನನಗೆ ಅರ್ಧ ಕೊಟ್ಟಳು. ಎರಡು ಮರ ಒಳ್ಳೆಯದು, ಕಟ್ಟಿದಳು. ಎರಡು ಕಹಿ, ನಾನು ಮುಖ ಕಿವುಚಿ ಉಗಿದೆ, ಅವಳೂ ಉಗಿದು ಮುಂದೆ ಹೋದಳು. ಇಷ್ಟು ವರ್ಷದಲ್ಲಿ ಅವಳು ನನ್ನ ನಂತರವೇ ಉಗಿಯುತ್ತಾಳೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. ಅವಳಿಗೆ ನಿಧಾನವಾಗಿ ಗೊತ್ತಾಗುತ್ತದೆ ಎಂದುಕೊಂಡಿದ್ದೆ, ಅದರಲ್ಲೂ ನನಗೊಂದು ಹೆಮ್ಮೆ ಇತ್ತು.

ಐದನೆಯದು ದೊಡ್ಡ ಮರ. ಕೊಂಬೆಗಳು ನೆಲ ಮುಟ್ಟುವಷ್ಟು ಹಣ್ಣು. ಆ ಒಂದೇ ಮರದಲ್ಲಿ ವರ್ಷದ ಅರ್ಧ ಜಾಮಿಗೆ ಸಾಕಾಗುವಷ್ಟಿತ್ತು. ಅಕ್ಕ ಕೊಟ್ಟ ಅರ್ಧವನ್ನು ಬಾಯಿಗಿಟ್ಟು ನಾಲ್ಕು ಎಣಿಸುವುದರೊಳಗೆ ಕಹಿ ಎದ್ದಿತು. ಕಹಿ ಎಂದರೆ ಎಂಥ ಕಹಿ! ಹಾಗಲಕಾಯಿ ಅದರ ಮುಂದೆ ಕಲ್ಲುಸಕ್ಕರೆ. ನಾನು ಹಲ್ಲು ಕಚ್ಚಿಕೊಂಡು ನಿಂತೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹಾಗೆ ನಟಿಸಿದೆ, ನುಂಗಿದೆ. ಆಮೇಲೆ ತುಟಿ ಚಪ್ಪರಿಸಿದೆ.

ಅಕ್ಕ ಚೀಲದಿಂದ ಪಟ್ಟಿ ತೆಗೆದಳು. "ಚೆನ್ನಾಗಿದೆ, ಅಲ್ವಾ?"

"ಸಕ್ಕತ್ತಾಗಿದೆ ಅಕ್ಕ," ಎಂದೆ.

ಅವಳು ಕಟ್ಟಿದಳು. ಎರಡು ಗಂಟು ಹಾಕಿದಳು.

ಹೇಳಬೇಕು ಎಂದುಕೊಂಡೆ. ಮೊದಲ ಬುಟ್ಟಿ ತುಂಬುವಾಗ ಹೇಳೋಣ ಅಂದುಕೊಂಡೆ, ಅಕ್ಕನ ಮಗಳು "ಅಮ್ಮಾ, ಈ ವರ್ಷ ಹಬ್ಬ!" ಎಂದು ಕೂಗಿದಳು, ಬಾಯಿ ಬರಲಿಲ್ಲ. ಬಸ್ಸಿನಲ್ಲಿ ಹೇಳೋಣ ಅಂದುಕೊಂಡೆ. ಮನೆಗೆ ಬಂದ ಮೇಲೆ ಹಣ್ಣು ತೊಳೆಯುವಾಗ ಒಳ್ಳೆಯ ಮರದ್ದು, ಆ ಮರದ್ದು ಎಲ್ಲವೂ ಒಂದೇ ತೊಟ್ಟಿಗೆ ಬಿತ್ತು. ಇನ್ನು ಹೇಳಿ ಏನು ಬಂತು?

ಆ ಎರಡು ದಿನ ನಾನು ಮಾಡಿದಷ್ಟು ನೀಟಾಗಿ ಕೆಲಸವನ್ನು ಯಾವತ್ತೂ ಮಾಡಿರಲಿಲ್ಲ. ಹಣ್ಣು ಬೇಯಿಸಿ, ಜರಡಿಯ ಮೇಲೆ ಮರದ ಸೌಟಿನಿಂದ ತಿಕ್ಕಿ ಬೀಜ ಬೇರೆ ಮಾಡಿದೆವು. ತಿರುಳಿನ ತೂಕಕ್ಕೆ ಮುಕ್ಕಾಲು ತೂಕ ಸಕ್ಕರೆ. ಅಗಲದ ಪಾತ್ರೆಯಲ್ಲಿ ತಳ ಹಿಡಿಯದ ಹಾಗೆ ತಿರುವುತ್ತಲೇ ಇರಬೇಕು. ತಣ್ಣನೆಯ ತಟ್ಟೆಗೆ ಒಂದು ತೊಟ್ಟು ಬಿಟ್ಟರೆ ಅದು ಓಡದೆ ನಿಲ್ಲಬೇಕು. ಗಾಜಿನ ಬಾಟಲಿಗಳನ್ನು ಕುದಿಸಿ, ಒಣಗಿಸಿ, ಬಿಸಿ ಇರುವಾಗಲೇ ತುಂಬಿ, ಮುಚ್ಚಳ ಬಿಗಿದು ತಲೆಕೆಳಗಾಗಿ ನಿಲ್ಲಿಸಬೇಕು. ಕುದಿಯುವ ಪಾತ್ರೆಗೆ ಯಾರೂ ಬೆರಳು ಅದ್ದಬಾರದು ಎಂಬುದು ಅಮ್ಮನ ಇನ್ನೊಂದು ನಿಯಮ. ಬಿಸಿಯಲ್ಲಿ ಈ ಜಾಮಿನ ರುಚಿ ಸರಿಯಾಗಿ ತಿಳಿಯುವುದಿಲ್ಲ, ಎರಡು ವಾರ ಕೂತ ಮೇಲೆಯೇ ಅದು ಜಾಮು. ನಲವತ್ತೊಂದು ಬಾಟಲಿಯಾಯಿತು. ಅಕ್ಕ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಹಿಂದಕ್ಕೆ ಸರಿದು ನೋಡಿ, "ಅಮ್ಮ ಇದ್ದಿದ್ರೆ!" ಎಂದಳು. ನಾನು ಒಲೆ ಒರೆಸಲು ತಿರುಗಿದೆ.

ಎರಡು ವಾರದ ಮೇಲೆ ಒಂದು ಭಾನುವಾರ ಮೊದಲ ಬಾಟಲಿ ತೆರೆಯುವುದು ರೂಢಿ. ಸೋದರಮಾವ ಬಂದರು. ಎಂಬತ್ತು ದಾಟಿದೆ, ಕಿವಿ ಮಂದ, ಬಾಯಿ ಮಾತ್ರ ಚುರುಕು. ಅಕ್ಕನ ಮಗಳು ಅಳಿಯನ ಜೊತೆ ಬಂದಳು. ಕ್ಯಾಂಟೀನಿನ ಮೇಲ್ವಿಚಾರಕಿಯನ್ನೂ ಅಕ್ಕ ಪ್ರತಿ ವರ್ಷ ಕರೆಯುತ್ತಾಳೆ, ಆಕೆಯೂ ಬಂದರು. ಬ್ರೆಡ್ಡು ಕತ್ತರಿಸಿಟ್ಟದ್ದು ನಾನು. ನಾಲಿಗೆಯೇ ಮೊದಲ ಚಮಚ ತಿನ್ನಬೇಕು. ಅಕ್ಕ ಮುಚ್ಚಳ ತಿರುಗಿಸಿ, ಚಮಚ ತುಂಬ ತೆಗೆದು ಬಾಯಿಗಿಟ್ಟಳು, ಕಣ್ಣು ಮುಚ್ಚಿದಳು.

"ಅಮ್ಮನ ಕೈರುಚಿ ಬಂದಿದೆ," ಎಂದಳು.

ಎಲ್ಲರೂ ಬ್ರೆಡ್ಡಿಗೆ ಬಳಿದುಕೊಂಡರು. ಒಬ್ಬರೂ ಇಪ್ಪತ್ತು ಎಣಿಸಬೇಕಾಗಲಿಲ್ಲ. ಮೊದಲು ಅಳಿಯ ಕೈ ಬಾಯಿಗೆ ಅಡ್ಡ ಹಿಡಿದು ಬಚ್ಚಲಿಗೆ ಓಡಿದ. ಮಾವ ಅಂಗೈಗೆ ಉಗಿದುಕೊಂಡರು. "ಥೂ! ಏನೇ ಇದು, ವಿಷ ಹಾಕಿದ್ದೀಯಾ? ನಾನೇನು ಬೇಗ ಸಾಯ್ತಾ ಇಲ್ಲ ಅಂತಾನಾ?"

ಅಕ್ಕ ನಗಬೇಕೋ ಬೇಡವೋ ತಿಳಿಯದೆ ಇನ್ನೊಂದು ಚಮಚ ತಿಂದಳು. ನಿಧಾನವಾಗಿ ಚಪ್ಪರಿಸಿದಳು. ಅವಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದಳು. ಮಗಳ ಮುಖ, ಮಾವನ ಮುಖ, ಮೇಲ್ವಿಚಾರಕಿಯ ಮುಖ. ಕೊನೆಗೆ ನನ್ನ ಮುಖಕ್ಕೆ ಬಂದು ನಿಂತಳು.

"ಅಮ್ಮಾ," ಎಂದಳು ಮಗಳು, "ನಿನಗೆ ಗೊತ್ತಾಗ್ತಾ ಇಲ್ವಾ?"

ನಾನು ಸುಮ್ಮನಿರಬಹುದಿತ್ತು. ಅಲ್ಲಿಗೆ ನನ್ನ ಕೆಲಸ ಆಗಿತ್ತು. ಆದರೆ ಆಡದಿದ್ದರೆ ನಾನು ನಾನಲ್ಲ. "ಅವಳಿಗೆ ಹೇಗೆ ಗೊತ್ತಾಗುತ್ತೆ? ಜ್ವರ ಬಂದಾಗಿನಿಂದ, ನಾಲ್ಕು ವರ್ಷದಿಂದ ಅವಳಿಗೆ ರುಚಿನೂ ಇಲ್ಲ, ವಾಸನೆನೂ ಇಲ್ಲ. ಕೇಳಿ ಬೇಕಾದ್ರೆ."

ಹೇಳುವಾಗ ನನ್ನ ಸ್ವರದಲ್ಲಿ ಎಷ್ಟು ಗೆಲುವಿತ್ತೆಂದರೆ ನನಗೇ ಅದು ಕೇಳಿಸಿತು. ಮೇಲ್ವಿಚಾರಕಿ ಬ್ರೆಡ್ಡಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು ಅಕ್ಕನನ್ನು ನೋಡಿದರು. ಅಕ್ಕ ಬಾಟಲಿಯ ಮುಚ್ಚಳ ಹುಡುಕಿ ಅದನ್ನು ಹಾಕಿ ತಿರುಗಿಸತೊಡಗಿದಳು. ಅದು ಸರಿಯಾಗಿ ಕೂರುತ್ತಿರಲಿಲ್ಲ.

ಮಾವ ಕಿವಿಗೆ ಕೈ ಹಿಡಿದು ಎರಡನೇ ಸಲ ಹೇಳಿಸಿಕೊಂಡರು. ಆಮೇಲೆ ಕೇಳಿದರು, "ನಾಲ್ಕು ವರ್ಷದಿಂದ ಅಂತೀಯ. ಮತ್ತೆ ಹೋದ ವರ್ಷದ್ದು, ಅದರ ಹಿಂದಿನದ್ದು, ಅದೆಲ್ಲಾ ಹೇಗೆ ಅಷ್ಟು ಚೆನ್ನಾಗಿತ್ತು?"

ಇಷ್ಟೆಲ್ಲ ಹೂಡಿದವಳಿಗೆ ಆ ಒಂದು ಪ್ರಶ್ನೆ ಹೊಳೆದೇ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅಕ್ಕ ಕಪಾಟಿನಿಂದ ಬಾಟಲಿಗಳನ್ನು ತೆಗೆದು ಒಂದೊಂದನ್ನೇ ಬಕೆಟ್ಟಿಗೆ ಬಗ್ಗಿಸತೊಡಗಿದಳು. ಹೊರಗೆ ಇನ್ನೂ ಬಿಸಿಲಿತ್ತು. ನಾನೂ ಒಂದು ಚಮಚ ತೆಗೆದುಕೊಂಡು ಪಕ್ಕ ಕೂತು ಬಾಟಲಿಯ ತಳ ಕೆರೆಯತೊಡಗಿದೆ. ಬಯ್ಯಲಿ, ಎರಡು ಏಟು ಹಾಕಲಿ, ಆಮೇಲೆ ಸರಿಹೋಗುತ್ತದೆ ಎಂಬ ನಂಬಿಕೆ ನನಗೆ.

"ಆ ದೊಡ್ಡ ಮರ ತಾನೇ?" ಎಂದಳು.

"ಹೂಂ."

"ನಿನಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು. ನೀನೂ ನಾಲ್ಕು ವರ್ಷ ನಾಟಕ ಆಡಿದ್ದೀಯಲ್ಲಕ್ಕ. ಆಗಲ್ಲ ಅಂತ ಹೇಳಿದ್ರೆ ಗಂಟೇನು ಹೋಗ್ತಿತ್ತು? ನಾನು ನೋಡಿ ಕಟ್ತಿರಲಿಲ್ವಾ?"

ಅಕ್ಕ ಕೈ ನಿಲ್ಲಿಸಿದಳು. "ನೀನೇ ನೋಡ್ತಿದ್ದೆ ಕಣೇ. ನಾನು ಹಣ್ಣು ಎಲ್ಲಿ ನೋಡ್ತಿದ್ದೆ? ನಿನ್ನ ಮುಖ ನೋಡಿ ಪಟ್ಟಿ ಕಟ್ತಿದ್ದೆ."

ನಾನು ಬಾಯಿ ತೆರೆದೆ. ಅವಳು ಬಿಡಲಿಲ್ಲ.

"ಜ್ವರಕ್ಕಿಂತ ಮುಂಚೆನೂ ಅಷ್ಟೇ. ನನ್ನ ನಾಲಿಗೆ ಚೆನ್ನಾಗಿದ್ದಾಗಲೂ ಆ ಹಣ್ಣಿನ ಕಹಿ ನನಗೆ ತಿಳೀತಿರಲಿಲ್ಲ. ಅಮ್ಮಂಗೂ ತಿಳೀತಿರಲಿಲ್ಲ. ನೀನು ಹುಟ್ಟೋ ಮುಂಚೆ ಎರಡು ವರ್ಷಕ್ಕೊಂದು ಸಲ ಇಡೀ ಪಾತ್ರೆ ಚೆಲ್ತಿದ್ಲು, ಅಪ್ಪನ ಹತ್ರ ಬೈಸ್ಕೊಳ್ತಿದ್ಲು. ನಿನಗೆ ನಾಲ್ಕು ವರ್ಷ ಆದಾಗ ಒಂದು ಸಲ ಕರ್ಕೊಂಡು ಹೋದ್ವಿ. ನೀನು ಹಣ್ಣು ಬಾಯಿಗೆ ಹಾಕ್ಕೊಂಡ ತಕ್ಷಣ ಮುಖ ಹೇಗೆ ಮಾಡಿದೆ ಅಂದ್ರೆ... ಅಮ್ಮ ಅಲ್ಲೇ ಕಂಡುಕೊಂಡ್ಲು. ಅವತ್ತಿಂದ ಅರ್ಧ ಹಣ್ಣು ನಿನಗೆ. ಚೀಲ ನನ್ನ ಮಡಿಲಿಗೆ ಹಾಕಿದ ದಿನ ನನಗೆ ಹೇಳಿದ್ದು ಇಷ್ಟೇ: ಮೆಣಸು ಮುಖ ನೋಡು, ಕಟ್ಟು. ಅದರ ಮುಖಕ್ಕೆ ಸುಳ್ಳು ಬರಲ್ಲ."

"ನನಗ್ಯಾಕೆ ಹೇಳಲಿಲ್ಲ?" ನನ್ನ ಸ್ವರ ಒಡೆದಿತ್ತು.

"ಹೇಳಿದ್ರೆ ಮುಖ ಸುಳ್ಳು ಕಲಿಯುತ್ತೆ ಅಂದಿದ್ಲು ಅಮ್ಮ."

ನನಗೆ ಅಳು ಬಂತು, ಅದಕ್ಕಿಂತ ಜೋರಾಗಿ ಸಿಟ್ಟು ಬಂತು. ನಲವತ್ತೆಂಟು ವರ್ಷ! ನಲವತ್ತೆಂಟು ವರ್ಷ ನನ್ನ ಮುಖವನ್ನು ತಕ್ಕಡಿಯ ಹಾಗೆ ಬಳಸಿಕೊಂಡು, ಒಬ್ಬರಾದರೂ "ಇದು ನಿನ್ನಿಂದ" ಎಂದು ಹೇಳಲಿಲ್ಲ. ಜಾಮು ತಿಂದವರೆಲ್ಲ ಅಮ್ಮನನ್ನು ಹೊಗಳಿದರು, ಅಕ್ಕನನ್ನು ಹೊಗಳಿದರು, ಪಕ್ಕದಲ್ಲಿ ನಾನು ತಟ್ಟೆ ಹಿಡಿದು ನಿಂತಿದ್ದೆ. ಮೆಣಸಲ್ಲವೇ ನಾನು, ಒಗ್ಗರಣೆಗೆ ಬೇಕು, ತಟ್ಟೆಯ ಅಂಚಿಗೆ ಎತ್ತಿಡಲಿಕ್ಕೂ ಬೇಕು. ಅದನ್ನೆಲ್ಲ ಅವಳ ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

ಅಕ್ಕ ಕೇಳಿಸಿಕೊಂಡಳು. "ಹೌದು, ತಪ್ಪು. ಅಮ್ಮಂದೂ ತಪ್ಪು, ನಂದೂ ತಪ್ಪು," ಎಂದಳು. "ಆದರೆ ನಾನು ಜ್ವರದಿಂದ ಎದ್ದು ಏನೂ ರುಚಿ ಇಲ್ಲ ಅಂತ ಗೊತ್ತಾದಾಗ ನನಗೆ ಒಂದು ಧೈರ್ಯ ಇತ್ತು. ಲೋಕ ಎಲ್ಲಾ ಮೋಸ ಮಾಡಿದ್ರೂ ಎದುರು ಬಾಗಿಲಲ್ಲಿ ಒಂದು ಮುಖ ಇದೆ ಅಂತ."

ನಲವತ್ತೊಂದು ಬಾಟಲಿ ಖಾಲಿ ಮಾಡಿ, ತೊಳೆದು, ಮಗುಚಿಟ್ಟೆವು. ತಪ್ಪಾಯಿತು, ಹೊಟ್ಟೆಗೆ ಹಾಕಿಕೋ ಎಂದು ಹೇಳಲು ನನಗೆ ಮೂರು ದಿನ ಬೇಕಾಯಿತು. ಹೇಳಿದೆ. "ಆಯ್ತು ಬಿಡು," ಎಂದಳು. ಅಷ್ಟೇ.

ಒಂದು ವಾರದಲ್ಲಿ ಕ್ಯಾಂಟೀನಿನಲ್ಲಿ ಅವಳನ್ನು ಒಲೆಯ ಮುಂದಿನಿಂದ ತೆಗೆದು ತಟ್ಟೆ ಕೊಡುವ ಕಿಟಕಿಗೆ ಹಾಕಿದರು. ಮೇಲ್ವಿಚಾರಕಿ ಒಳ್ಳೆಯವರೇ, ಮಂಡಿನೋವಿನ ಕಾರಣ ಎಂದು ಎಲ್ಲರಿಗೂ ಹೇಳಿದರಂತೆ. ಮೂವತ್ತು ವರ್ಷ ಸೌಟು ಹಿಡಿದ ಕೈ ಈಗ ಒದ್ದೆ ತಟ್ಟೆ ಒರೆಸಿ ಮುಂದಕ್ಕೆ ತಳ್ಳುತ್ತದೆ. ಸಂಜೆ ಬಂದು ಕಾಲು ಚಾಚಿ ಕೂರುತ್ತಾಳೆ. ನಾನು ಹೋದರೆ ಬಾ ಎನ್ನುತ್ತಾಳೆ, ಕುರ್ಚಿ ತೋರಿಸುತ್ತಾಳೆ, ಮಂಡಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಾಳೆ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಈ ವರ್ಷ ಹಣ್ಣಿನ ಕಾಲಕ್ಕೆ ಕರೆದೆ. ಬರುವುದಿಲ್ಲ ಎಂದಳು. ಅವಳ ಮಗಳಿಗೂ ರಜೆ ಇರಲಿಲ್ಲ. ಒಬ್ಬಳೇ ಹೋಗಿ ಒಬ್ಬಳೇ ತಿಂದು ನೋಡಿ, ಒಬ್ಬಳೇ ಕೊಯ್ದು, ಒಂಬತ್ತು ಬಾಟಲಿ ಮಾಡಿದೆ. ಒಂದಿಷ್ಟೂ ಕಹಿ ಇರಲಿಲ್ಲ. ಮಾವ ಬೆರಳು ಚೀಪಿಕೊಂಡು ತಿಂದು, "ಪರವಾಗಿಲ್ವೇ, ನೀನೂ ಕಲಿತೆ," ಎಂದರು. ನಾನು ಕಾದಿದ್ದ ಹೊಗಳಿಕೆ ಅದೇ ಇರಬೇಕು. ಅಕ್ಕನಿಗೆ ಒಂದು ಬಾಟಲಿ ಕೊಟ್ಟೆ. ತೆಗೆದುಕೊಂಡಳು, ಅದನ್ನು ನಾಲ್ಕನೇ ಮಹಡಿಯ ಎಲೆಕ್ಟ್ರಿಷಿಯನ್ನನ ಹೆಂಡತಿಗೆ ಕೊಟ್ಟುಬಿಟ್ಟಳು.

ಆ ಹೆಂಡತಿಯ ವಿಷಯ ನನಗೆ ಆಗಲೇ ತಿಳಿದದ್ದು. ನಮ್ಮ ಫ್ರಿಜ್ಜುಗಳು ಹಳೆಯವು, ಕರೆಂಟು ಹೋಗಿ ಬಂದು ಮಾಡಿದರೆ ಹಾಲು ಕೆಡುತ್ತದೆ. ಕೆಟ್ಟಿದೆಯೋ ಇಲ್ಲವೋ ಅಕ್ಕನಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಬೆಳಗ್ಗೆ ಅವಳು ಹಾಲಿನ ಪಾತ್ರೆ ಹಿಡಿದು, ನೋಯುವ ಮಂಡಿಯಲ್ಲಿ, ಎರಡು ಮಹಡಿ ಹತ್ತಿ ಹೋಗಿ ಆಕೆಯ ಹತ್ತಿರ ಮೂಸಿಸಿಕೊಂಡು ಬರುತ್ತಾಳೆ. ಅವಳ ಬಾಗಿಲಿನಿಂದ ನನ್ನ ಬಾಗಿಲಿಗೆ ನಾಲ್ಕು ಹೆಜ್ಜೆ. ನಾನು ಒಳಗೆ ನಿಂತು ಅವಳು ಒಂದೊಂದು ಮೆಟ್ಟಿಲಿಗೂ ಉಸಿರು ಬಿಡುವುದನ್ನು ಕೇಳುತ್ತೇನೆ.

ಹೋದ ಗುರುವಾರ ಎಲೆಕ್ಟ್ರಿಷಿಯನ್ನನ ಮನೆಗೆ ಬೀಗ ಹಾಕಿತ್ತು. ಅಕ್ಕ ಪಾತ್ರೆ ಹಿಡಿದು ಹಾಗೇ ಇಳಿದು ಬರುತ್ತಿದ್ದಳು. ನಾನು ಬಾಗಿಲು ತೆರೆದು ಅಡ್ಡ ನಿಂತೆ.

"ಕೊಡಕ್ಕ, ನಾನು ನೋಡ್ತೀನಿ."

ಒಂದು ಗಳಿಗೆ ತಡೆದು ಕೊಟ್ಟಳು. ಮೂಸಿದೆ. ಸಾಲದೆಂದು ಒಂದು ಗುಟುಕು ಕುಡಿದೆ. "ಚೆನ್ನಾಗಿದೆ ಅಕ್ಕ. ಏನೂ ಆಗಿಲ್ಲ."

ಅಕ್ಕ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಹಣೆ, ಕಣ್ಣು, ತುಟಿ, ಒಂದನ್ನೂ ಬಿಡಲಿಲ್ಲ. ನಾನು ಅಲುಗಾಡದೆ ನಿಂತಿದ್ದೆ, ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ.

"ಹೌದಾ," ಎಂದಳು. ಪಾತ್ರೆ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸಿಂಕಿಗೆ ಹಾಲು ಸುರಿಯುವ ಸದ್ದು ಕೇಳಿಸಿತು, ಆಮೇಲೆ ನಲ್ಲಿ ಬಿಟ್ಟ ಸದ್ದು.

ಹಾಲು ಚೆನ್ನಾಗಿಯೇ ಇತ್ತು.